ಹಾರ್ಡ್‌ಹ್ಯಾಟ್ ನೋಡ್ ರೀಸ್ಟಾರ್ಟ್ ಮಾಡಿದ ಮೇಲೆ ಮೆಟಾಮಾಸ್ಕ್‌ನಲ್ಲಿ ನಾನ್ಸ್ ಎರರ್

ಟೋಕನ್_ತಲೆನೋವು:
ಲ್ಯಾಪ್‌ಟಾಪ್‌ನಲ್ಲೇ ಹಾರ್ಡ್‌ಹ್ಯಾಟ್ ನೋಡ್ (ಪರೀಕ್ಷೆಗಂತ ಲೋಕಲ್ ಈಥೀರಿಯಂ ಚೈನ್ ನಡೆಸೋ ಪ್ರೋಗ್ರಾಂ) ಓಡ್ತಿದೆ, ಪೋರ್ಟ್ 8545, ಚೈನ್ ಐಡಿ 31337. ನೋಡ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಮೆಟಾಮಾಸ್ಕ್ ವ್ಯಾಲೆಟ್‌ನಿಂದ ಕಳಿಸಿದ ಟ್ರಾನ್ಸಾಕ್ಷನ್ ಎಲ್ಲ "ನಾನ್ಸ್ ಟೂ ಹೈ" ಅಂತ ವಾಪಸ್: ನಾನ್ಸ್ (ಅಕೌಂಟ್‌ನ ಟ್ರಾನ್ಸಾಕ್ಷನ್ ಕ್ರಮಸಂಖ್ಯೆ) 0 ಬೇಕಿತ್ತಂತೆ, 7 ಬಂದಿದೆಯಂತೆ. ಡಿಪ್ಲಾಯ್ ಮಾಡಿದ್ದ (ಚೈನ್‌ಗೆ ಹಾಕಿದ್ದ) ಕಾಂಟ್ರ್ಯಾಕ್ಟ್ ಪ್ರೋಗ್ರಾಮೂ ಮಾಯ. ಇನ್ನೊಂದು, 2 ಕನ್ಫರ್ಮೇಷನ್‌ಗೆ ಕಾಯೋ ಕೋಡ್ ಮುಂದಕ್ಕೇ ಹೋಗಲ್ಲ. ಏನು ಮಾಡಬೇಕು?

ಗ್ಯಾಸ್_ಲಿಮಿಟ್:
ಹಾರ್ಡ್‌ಹ್ಯಾಟ್ ನೋಡ್ ಎಲ್ಲವನ್ನೂ ಮೆಮೊರಿಯಲ್ಲಿ ಇಡುತ್ತೆ. ನಿಲ್ಲಿಸಿದರೆ ಚೈನ್ ಸೊನ್ನೆಯಿಂದ ಶುರು. ಮೆಟಾಮಾಸ್ಕ್‌ಗೆ ಅದು ಗೊತ್ತಾಗಲ್ಲ, ಹಳೇ ಲೆಕ್ಕದಲ್ಲೇ ಮುಂದುವರಿಯುತ್ತೆ. ಅದರ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವಿಟಿ ಡೇಟಾ ಅಳಿಸೋ ಆಯ್ಕೆ ಇದೆ. ಲೋಕಲ್ ನೆಟ್‌ವರ್ಕ್ ಮತ್ತು ಆ ಅಕೌಂಟ್ ಆರಿಸಿಕೊಂಡು ಒತ್ತಿ. ವ್ಯಾಲೆಟ್ ತೆಗೆದು ಮತ್ತೆ ಹಾಕೋ ಅಗತ್ಯ ಇಲ್ಲ.

ಕನ್ಫರ್ಮೇಷನ್ ಸಮಸ್ಯೆ ಬೇರೆ. ಹಾರ್ಡ್‌ಹ್ಯಾಟ್‌ನ ಡೀಫಾಲ್ಟ್ ಆದ ಆಟೋಮೈನ್‌ನಲ್ಲಿ ಟ್ರಾನ್ಸಾಕ್ಷನ್ ಬಂದಾಗ ಮಾತ್ರ ಬ್ಲಾಕ್ ಹುಟ್ಟೋದು. ನಿಮ್ಮದು ಸೇರಿದ ಬ್ಲಾಕ್ ಮೊದಲ ಕನ್ಫರ್ಮೇಷನ್, ಎರಡನೇದನ್ನ ತರೋರು ಯಾರು? ಲೋಕಲ್‌ನಲ್ಲಿ 1 ಸಾಕು. ಇಲ್ಲಾಂದ್ರೆ ಮೈನಿಂಗ್ ಇಂಟರ್ವಲ್ (ತಾನಾಗೇ ಬ್ಲಾಕ್ ಹುಟ್ಟೋ ಅಂತರ) 2000 ಮಿಲಿಸೆಕೆಂಡ್ ಇಟ್ಟುಕೊಳ್ಳಿ.

ಬ್ಲಾಕ್_ಬಸವ:
ಸ್ಟೇಟ್ (ಚೈನ್‌ನಲ್ಲಿರೋ ಅಕೌಂಟ್, ಕಾಂಟ್ರ್ಯಾಕ್ಟ್ ಮಾಹಿತಿ) ಉಳಿಯಬೇಕಂದ್ರೆ ಫೌಂಡ್ರಿಯ ಆನ್ವಿಲ್‌ಗೆ ಬನ್ನಿ, ಅದೂ ಇಂಥದ್ದೇ ಲೋಕಲ್ ನೋಡ್. ಪೋರ್ಟ್, ಚೈನ್ ಐಡಿ ಎರಡೂ ಅವೇ, ಕಾನ್ಫಿಗ್ ಮುಟ್ಟಬೇಕಿಲ್ಲ. ಸ್ಟೇಟ್ ಆಯ್ಕೆಗೆ ಒಂದು ಜೆಸನ್ ಫೈಲ್ ಹೆಸರು ಕೊಟ್ಟರೆ ನಿಲ್ಲಿಸುವಾಗ ಅದಕ್ಕೆ ಬರೆದು, ಮುಂದಿನ ಸಲ ಅದರಿಂದಲೇ ಎತ್ತಿಕೊಳ್ಳುತ್ತೆ. ಆದರೆ ಕಂಟ್ರೋಲ್-ಸಿ ಒತ್ತಿಯೇ ನಿಲ್ಲಿಸಿ. ಬಲವಂತವಾಗಿ ಕಿಲ್ ಮಾಡಿದರೆ ಫೈಲ್ ಬರೆಯೋಕೆ ಅವಕಾಶವೇ ಸಿಗಲ್ಲ. ಸ್ಟೇಟ್ ಇಂಟರ್ವಲ್ (ಆಗಾಗ ಫೈಲ್ ಬರೆಯೋ ಅಂತರ) 30 ಸೆಕೆಂಡ್ ಕೊಟ್ಟಿದ್ದರೆ ಅಷ್ಟು ಚಿಂತೆ ಇಲ್ಲ.

ಒಂದು ವ್ಯತ್ಯಾಸ: ನಾನ್ಸ್ ಹೆಚ್ಚಿದ್ದರೆ ಆನ್ವಿಲ್ ಎರರ್ ಕೊಡಲ್ಲ, ಕ್ಯೂನಲ್ಲಿ ಹಾಕಿ ಸುಮ್ಮನಿರುತ್ತೆ. ಮೆಟಾಮಾಸ್ಕ್‌ನಲ್ಲಿ "ಪೆಂಡಿಂಗ್" ಅಂತ ಕೂತಿದ್ದರೆ ಮೊದಲು ಇದನ್ನೇ ನೋಡಿ.

ಟೋಕನ್_ತಲೆನೋವು:
ಆನ್ವಿಲನ್ನ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡೋ ಜಾಗ) ಹಾಕಿದೆ, ಪೋರ್ಟ್ ಮ್ಯಾಪ್ ಆಗಿದೆ, ಆದ್ರೂ ಕನೆಕ್ಟ್ ಆಗ್ತಿಲ್ಲ.

ಗ್ಯಾಸ್_ಲಿಮಿಟ್:
ಅದು ಡೀಫಾಲ್ಟ್ ಆಗಿ ಕೇಳೋದು 127.0.0.1ನಲ್ಲಿ, ಅಂದ್ರೆ ಕಂಟೇನರ್ ಒಳಗೆ ಮಾತ್ರ. ಹೋಸ್ಟ್ 0.0.0.0 ಕೊಡಿ. ಸ್ಟೇಟ್ ಫೈಲ್ ಇರೋ ಫೋಲ್ಡರನ್ನೂ ವಾಲ್ಯೂಮ್ ಮಾಡಿ (ಕಂಟೇನರ್ ಹೊರಗೆ ಉಳಿಯೋ ಹಾಗೆ ಇಡಿ), ಇಲ್ಲಾಂದ್ರೆ ಕಂಟೇನರ್ ಜೊತೆ ಅದೂ ಹೋದೀತು.

ಬ್ಲಾಕ್_ಬಸವ:
ಹಾರ್ಡ್‌ಹ್ಯಾಟ್, ಆನ್ವಿಲ್‌ನಲ್ಲಿ ಸಿಗೋ ಟೆಸ್ಟ್ ಅಕೌಂಟ್‌ಗಳ ಪ್ರೈವೇಟ್ ಕೀ (ಹಣ ಕಳಿಸೋಕೆ ಬೇಕಾದ ಗುಟ್ಟಿನ ಕೀ) ಜಗತ್ತಿಗೇ ಗೊತ್ತು, ಎಲ್ಲರಿಗೂ ಅವೇ. ಆ ವಿಳಾಸಕ್ಕೆ ಮೇನ್‌ನೆಟ್‌ನಲ್ಲಿ (ಅಸಲಿ ಈಥೀರಿಯಂ ಚೈನ್) ನಿಜವಾದ ಈಥರ್ ಕಳಿಸಿದರೆ ಕಾಯ್ತಾ ಕೂತಿರೋ ಬಾಟ್‌ಗಳು ಬಾಚಿಕೊಳ್ಳುತ್ತವೆ. ಟೆಸ್ಟಿಂಗ್‌ಗೆ ಬ್ರೌಸರ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿ, ಅಲ್ಲೇ ಇನ್ನೊಂದು ಮೆಟಾಮಾಸ್ಕ್ ಹಾಕಿಕೊಳ್ಳಿ.