ಅಂಗಿಯ ಮೇಲಿನ 'ಸಾರಿ'ಗೆ ಕನ್ನಡದಲ್ಲಿ ಏನು?

ಗೆಳೆಯರೇ,

ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಮಿಡ್‌ನೈಟ್ ಆಯಿಲ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದಕ್ಕೆ ಸಿಕ್ಕಿಕೊಂಡಿದ್ದೇನೆ.

ಅವರ 'ಬೆಡ್ಸ್ ಆರ್ ಬರ್ನಿಂಗ್' ಹಾಡು 1987ರದು. ಮರುಭೂಮಿಯ ತಮ್ಮ ನೆಲದಿಂದ ಎಬ್ಬಿಸಿ ಸಾಗಿಸಲ್ಪಟ್ಟ ಪಿಂಟುಪಿ ಎಂಬ ಮೂಲನಿವಾಸಿ ಜನರ ಕುರಿತದ್ದು. ನೆಲ ಅವರದು, ವಾಪಸ್ ಕೊಡೋಣ ಅಂತ ತಮ್ಮ ದೇಶಕ್ಕೇ ಹೇಳಿದ ಹಾಡು. 2000ದ ಸಿಡ್ನಿ ಒಲಿಂಪಿಕ್ಸ್ ಮುಗಿಯುವ ದಿನ ಅದನ್ನು ಹಾಡಲು ವೇದಿಕೆ ಹತ್ತಿದಾಗ ಅವರ ಕಪ್ಪು ಬಟ್ಟೆಯ ಮೇಲೆ ದಪ್ಪಕ್ಷರದಲ್ಲಿ 'ಸಾರಿ' ಎಂದಿತ್ತು. ಪ್ರಧಾನಿ ಜಾನ್ ಹೊವಾರ್ಡ್ ಅಲ್ಲೇ ಕೂತಿದ್ದರು. ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡದ್ದಕ್ಕೆ ಸರ್ಕಾರದ ಪರವಾಗಿ ಆ ಮಾತು ಆಡಲು ಒಪ್ಪದವರು. 1999ರಲ್ಲಿ ಅವರು ಸಂಸತ್ತಿನಲ್ಲಿ ತಂದ ನಿರ್ಣಯದಲ್ಲಿ ಇದ್ದದ್ದು ಬರೀ 'ರಿಗ್ರೆಟ್'.

ರಿಗ್ರೆಟ್‌ಗೆ 'ವಿಷಾದ' ಸರಿಯಾಗಿ ಕೂರುತ್ತದೆ. ಮಂತ್ರಿಗಳು ವಿಷಾದ ವ್ಯಕ್ತಪಡಿಸಿದರು ಎಂದು ಪೇಪರಿನಲ್ಲಿ ಬಂದರೆ ಕ್ಷಮೆ ಕೇಳಲಿಲ್ಲ ಅಂತಲೇ ಅರ್ಥ, ಅಲ್ವಾ? ತೊಡಕಿರುವುದು ಸಾರಿಯಲ್ಲಿ.

'ಕ್ಷಮಿಸಿ' ಎಂದರೆ ಬೇಡಿಕೆ. ಕಳೆದುಕೊಂಡವರೇ ಮತ್ತೆ ಏನೋ ಕೊಡಬೇಕು ಎಂದಾಯಿತು. 'ತಪ್ಪಾಯ್ತು' ನನಗೆ ಇಷ್ಟ. ದೇವರ ಮುಂದೆ ಕೆನ್ನೆ ತಟ್ಟಿಕೊಂಡು ಹೇಳುವ ಮಾತು. ಆದರೆ ಅದರಲ್ಲೂ ಜಾಣತನವಿದೆ: ತಪ್ಪು ತಾನಾಗಿಯೇ 'ಆಯ್ತು', ಮಾಡಿದವರು ಯಾರೂ ಇಲ್ಲ! 'ತಪ್ಪು ಮಾಡಿದೆವು' ಅಂದರೆ ನೇರ. ಆದರೆ ಸಾರಿಯಲ್ಲಿ ಇರುವ ಮರುಕ ಅದರಲ್ಲಿಲ್ಲ.

ಮರುಕ ಯಾಕೆ ಬೇಕು ಅಂದರೆ, ಅಲ್ಲಿನ ಮೂಲನಿವಾಸಿಗಳ ಇಂಗ್ಲಿಷಿನಲ್ಲಿ 'ಸಾರಿ ಬಿಸಿನೆಸ್' ಎಂದರೆ ಸಾವಿನ ಶೋಕಾಚರಣೆ. ಅವರ ಕಿವಿಗೆ ಆ ಪದದಲ್ಲಿ ಸೂತಕದ ದುಃಖವೂ ಕೇಳುತ್ತದೆ. ನಮ್ಮಲ್ಲಿ ಸಾವಿನ ಮನೆಗೆ ಹೋಗಿ 'ಕ್ಷಮಿಸಿ' ಅಂದು ನೋಡಿ, ಇವನೇನು ಮಾಡಿದ ಅಂತ ಎಲ್ಲರೂ ತಿರುಗುತ್ತಾರೆ. 'ನೊಂದಿದ್ದೇವೆ' ಎಂದು ಬರೆದರೆ ಮತ್ತೆ ಹೊವಾರ್ಡ್ ಅವರ ವಿಷಾದಕ್ಕೇ ಜಾರುತ್ತದೆ.

ಸುಮ್ನೆ 'ಸಾರಿ' ಅಂತಲೇ ಬಿಡೋಣವೆಂದರೆ, ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವ ಸಾರಿ ಅದು. ಬಟ್ಟೆಯ ಮೇಲೆ ಒಂಟಿಯಾಗಿ ನಿಂತರೆ 'ಒಂದು ಸಾರಿ, ಎರಡು ಸಾರಿ'ಯ ಸಾರಿಯೂ ಆದೀತು.

ಇನ್ನೊಂದು ಕಷ್ಟ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಅದೇ ಪದ ಹೇಳಿದರು. ಬ್ಯಾಂಡಿನ ಹಾಡುಗಾರ ಪೀಟರ್ ಗ್ಯಾರೆಟ್ ಅಷ್ಟೊತ್ತಿಗೆ ಆ ಸರ್ಕಾರದಲ್ಲೇ ಮಂತ್ರಿ. ಹಾಗಾಗಿ ಅಂಗಿಗೂ ಸಂಸತ್ತಿಗೂ ಒಂದೇ ಪದ ಬೇಕು.

ಸದ್ಯಕ್ಕೆ 'ತಪ್ಪಾಯ್ತು' ಎಂದೇ ಬರೆದಿಟ್ಟಿದ್ದೇನೆ. ಧಾರವಾಡದ ಕಡೆಯವರು 'ತಪ್ಪಾತ್ರಿ' ಅಂದಾಗ ಮಾಡಿದವರು ನಾವೇ ಎಂಬ ದನಿ ಇರುತ್ತದೆಯೇ? ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ.