ರೆಡ್‌ವುಡ್ ಸಿಟಿಯ ಸೇವಂತಿಗೆ

"ನನ್ನ ಊರು ಯಾವ್ದಮ್ಮ?" ಅಂತ ಮಗಳು ಕೇಳ್ತಾಳೆ, ಏನು ಹೇಳಲಿ ಎಂದು ಹೋದ ವಾರ ಕ್ಯಾಲಿಫೋರ್ನಿಯಾದ ನಮ್ಮ ಕನ್ನಡಿಗರಲ್ಲೊಬ್ಬರು ಕೇಳಿದ್ದರು. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಇತ್ತು. ತುಮಕೂರು ಅಂದರೆ ಮಗನಿಗೆ ಬೇಸಿಗೆ ರಜೆ, ಅಜ್ಜಿ ಮನೆ, ಅಷ್ಟೇ. ಅವನು ಬೆಳೆಯುತ್ತಿರುವ ಊರಿನ ಬಗ್ಗೆ ನಮಗೇ ಏನೂ ಗೊತ್ತಿರಲಿಲ್ಲ.

ಅದಕ್ಕೇ ಅಮ್ಮ ಬಂದಿದ್ದಾಗ ಎಲ್ಲರೂ ರೆಡ್‌ವುಡ್ ಸಿಟಿಯ ಸ್ಯಾನ್ ಮಟೇಯೋ ಕೌಂಟಿ ಹಿಸ್ಟರಿ ಮ್ಯೂಸಿಯಂಗೆ ಹೋದೆವು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ. 1935ರಲ್ಲಿ ಶುರುವಾದ ಕೌಂಟಿಯ ಇತಿಹಾಸ ಸಂಘ ಅದನ್ನು ನಡೆಸುತ್ತದೆ. ಇಲ್ಲಿನ ಲೋಕಲ್ ರೈಲು ಕ್ಯಾಲ್‌ಟ್ರೇನ್ ಇಳಿದರೆ ನಡೆದೇ ಹೋಗಬಹುದು. ಕಟ್ಟಡ ಹಳೆಯ ಕೋರ್ಟು. 1906ರಲ್ಲಿ ಇನ್ನೇನು ಕೆಲಸ ಮುಗಿಯಬೇಕು ಅನ್ನುವಾಗ ಭೂಕಂಪ ಬಂದು ಬಹುಪಾಲು ಬಿದ್ದುಹೋಯಿತು. ಗುಮ್ಮಟ ಉಳಿಯಿತು. ಅದನ್ನು ಉಳಿಸಿಕೊಂಡೇ ಮತ್ತೆ ಕಟ್ಟಿ 1910ರಲ್ಲಿ ತೆರೆದರು. ಅದರ ಬಣ್ಣದ ಗಾಜಿನ ಕೆಳಗೆ ಮಗ ಕತ್ತೆತ್ತಿ ತುಂಬ ಹೊತ್ತು ನಿಂತಿದ್ದ.

ವಲಸೆ ಬಂದವರಿಗಾಗಿಯೇ ಅಲ್ಲೊಂದು ಗ್ಯಾಲರಿ ಇದೆ. ಅಲ್ಲಿ ನಿಂತು ಅಮ್ಮನಿಗೆ ರೆಡ್‌ವುಡ್ ಸಿಟಿಯ ಜಪಾನಿ ಹೂ ಬೆಳೆಗಾರರ ಕಥೆ ಹೇಳಿದೆ. ಅವರು ಬೆಳೆಯುತ್ತಿದ್ದದ್ದು ಸೇವಂತಿಗೆ. "ನಮ್ಮ ಸೇವಂತಿಗೇನಾ?" ಅಂದರು ಅಮ್ಮ. ಆಮೇಲಿನದನ್ನು ಹೇಳುವಾಗ ನನಗೇ ಗಂಟಲು ಕಟ್ಟಿತು. ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದ 1942ರಲ್ಲಿ ಅಮೆರಿಕ ಸರ್ಕಾರದವರು ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ, ಜಪಾನಿ ಮೂಲದವರನ್ನು ಮನೆ, ತೋಟ ಬಿಡಿಸಿ ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್ ರೇಸ್ ಕೋರ್ಸಿನಲ್ಲಿ ಕೂಡಿಹಾಕಿದರು. ಸುಮಾರು 8,000 ಜನ. ಎಷ್ಟೋ ಸಂಸಾರಗಳಿಗೆ ಸಿಕ್ಕಿದ್ದು ಕುದುರೆ ಲಾಯ. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಕ್ಕಳೂ ಇದ್ದರು. ನಾವು ಬಾರ್ಟ್ ರೈಲು ಹತ್ತುವ ಸ್ಟೇಷನ್ ಪಕ್ಕದಲ್ಲೇ ಆ ಜಾಗ. "ಅವರ ಊರೂ ಇದೇ ಅಲ್ವಾ?" ಎಂದ ಮಗ. ಹೌದಪ್ಪ, ಇದೇ ಅಂದೆ. ಅವನಿಗೆ ಎಂಟು ವರ್ಷ. ಇಷ್ಟು ಚಿಕ್ಕವರಿಗೆ ಇದೆಲ್ಲ ಬೇಕಾ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಬೇಕು ಅನ್ನಿಸುತ್ತದೆ. ಊರು ತನ್ನದು ಅಂದ ಮೇಲೆ ಅದರ ನೋವೂ ಗೊತ್ತಿರಬೇಕು.

ಇನ್ನೊಂದು ಮಾತು. ಇಂಥ ಮ್ಯೂಸಿಯಂಗಳಲ್ಲಿರುವ ಫೋಟೋ, ಪತ್ರ, ಪಾತ್ರೆಗಳಲ್ಲಿ ಜಾಸ್ತಿ ಪಾಲು ಊರಿನ ಮನೆಗಳಿಂದಲೇ ಬಂದದ್ದು. ನಾವು ಈ ಕೌಂಟಿಯಲ್ಲಿ ಎಷ್ಟು ವರ್ಷದಿಂದ ಇದ್ದೇವೆ, ಏನು ಕೊಟ್ಟಿದ್ದೇವೆ? ಇದೇ ಕೌಂಟಿಯ ಫಾಸ್ಟರ್ ಸಿಟಿಯಲ್ಲಿದ್ದ ನಮ್ಮ ಮೊದಲ ಬಾಡಿಗೆ ಮನೆಯ ವಿಳಾಸಕ್ಕೆ ಅಪ್ಪ ಬರೆದ ಪತ್ರಗಳು ನನ್ನ ಹತ್ತಿರ ಇವೆ. ಬೀರುವಿನಲ್ಲಿ ಸುಮ್ನೆ ಬಿದ್ದಿವೆ. ಅವುಗಳಲ್ಲಿ ಒಂದೆರಡನ್ನು ತೆಗೆದುಕೊಳ್ಳುತ್ತೀರಾ ಅಂತ ಮ್ಯೂಸಿಯಂನವರನ್ನು ಕೇಳಬೇಕೆಂದಿದ್ದೇನೆ. ಹಿರಿಯರು ಯಾರ ಮನೆಯಲ್ಲಾದರೂ ಇಲ್ಲಿನ ಮೊದಲ ಯುಗಾದಿಯ ಫೋಟೋ ಇದ್ದರೆ ದಯವಿಟ್ಟು ಎಸೆಯಬೇಡಿ.

ಬರುವ ಶನಿವಾರ ಹತ್ತು ಗಂಟೆಗೆ ಮತ್ತೆ ಹೋಗುತ್ತಿದ್ದೇವೆ. ಊರು ಯಾವ್ದು ಅಂತ ಕೇಳಿದ ಆ ಪುಟ್ಟಿಯನ್ನೂ ಕರೆದುಕೊಂಡು ಬನ್ನಿ. ಗುಮ್ಮಟವನ್ನು ನಮ್ಮ ಹುಡುಗನೇ ತೋರಿಸುತ್ತಾನಂತೆ.