ಖುಷಿಗೊಂದು ಪುಟ್ಟ ಹಳೇ ಕಾರು: ಮಿನಿಯಾ, ಮಿಡ್ಜೆಟ್ಟಾ, ಸ್ಪಿಟ್‌ಫೈರಾ, ಬೀಟಲ್ಲಾ?

ಉದ್ದಕಾಲು:
ದಿನದ ಓಡಾಟಕ್ಕೆ ಒಂದು ಕಾರು ಇದೆ. ಕೀ ತಿರುಗಿಸಿದರೆ ಹೊರಡುತ್ತದೆ, ಹೇಳಿದ ಕಡೆ ಮುಟ್ಟಿಸುತ್ತದೆ. ಅದರ ಬಗ್ಗೆ ಹೇಳಲು ಬೇರೇನೂ ಇಲ್ಲ, ಅದೇ ನನ್ನ ಬೇಜಾರು. ವಾರಕ್ಕೊಮ್ಮೆ ಸುಮ್ನೆ ಖುಷಿಗೆ ಓಡಿಸಲು, ಬಿಡುವಾದಾಗ ಬಾನೆಟ್ ಎತ್ತಿ ಕೈ ಮಸಿ ಮಾಡಿಕೊಳ್ಳಲು ಒಂದು ಪುಟ್ಟ ಹಳೇ ಕಾರು ಬೇಕು. ತಲೆಯಲ್ಲಿ ನಾಲ್ಕು ಹೆಸರು ಸುತ್ತುತ್ತಿವೆ: ಹಳೇ ಮಿನಿ, ಎಂಜಿ ಮಿಡ್ಜೆಟ್, ಟ್ರಯಂಫ್ ಸ್ಪಿಟ್‌ಫೈರ್, ಫೋಕ್ಸ್‌ವ್ಯಾಗನ್ ಬೀಟಲ್. ನನ್ನ ಎತ್ತರ 6 ಅಡಿ 2 ಇಂಚು. ಆಯಿಲ್, ಪ್ಲಗ್, ಬ್ರೇಕ್ ಪ್ಯಾಡ್ ನಾನೇ ಬದಲಿಸುತ್ತೇನೆ. ವೆಲ್ಡಿಂಗ್ ಬರುವುದಿಲ್ಲ. ಹೆಂಡತಿಯದು ಒಂದೇ ಷರತ್ತು: ಮಳೆಯಲ್ಲಿ ನಾನು ತಳ್ಳುವುದಿಲ್ಲ. ಯಾವುದು ತಗೊಳ್ಳಲಿ?

ಗ್ರೀಸ್ ಕೈ:
ಮಳೆಯ ಮಾತು ಬಂತಲ್ಲ, ಹಾಗಾದರೆ ನನ್ನ ಮಿನಿ ಕಥೆ ಹೇಳಲೇಬೇಕು.

ಮಿನಿಯ ಎಂಜಿನ್ ಅಡ್ಡಕ್ಕೆ ಕೂತಿದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಸರಿಯಾಗಿ ಮುಂದಿನ ಜಾಲರಿಯ ಹಿಂದೆ, ನೀರು ಬಂದು ಬಡಿಯುವ ಕಡೆಯೇ ಇದೆ. ಕೊಂಡ ವರ್ಷ ಮೊದಲ ಜೋರು ಮಳೆಗೆ ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಒಬ್ಬ ಹಿರಿಯ ಮೆಕ್ಯಾನಿಕ್ ನೋಡಿ ನಕ್ಕರು. "ಒಂದು ರಬ್ಬರ್ ಗ್ಲೌಸ್ ತಗೊಂಡು ಬಾರಪ್ಪ" ಅಂದರು. ನಾಲ್ಕು ಪ್ಲಗ್ಗಿನ ವೈರು, ಕಾಯಿಲ್‌ನಿಂದ ಬರುವುದು ಒಂದು, ಒಟ್ಟು ಐದು. ಗ್ಲೌಸಿಗೂ ಐದು ಬೆರಳು! ತುದಿ ಕತ್ತರಿಸಿ ಒಂದೊಂದು ಬೆರಳಿಗೆ ಒಂದೊಂದು ವೈರು ತೂರಿಸಿ, ಉಳಿದ ಗ್ಲೌಸನ್ನು ಡಿಸ್ಟ್ರಿಬ್ಯೂಟರಿನ ಮೇಲೆ ಟೋಪಿ ಹಾಗೆ ಎಳೆದರು. ಆಮೇಲೆ ಮಳೆಗೆ ನಿಂತಿಲ್ಲ.

ಅದು ಗ್ಲೌಸಿನಲ್ಲಿ ಮುಗಿಯಿತು. ತುಕ್ಕು ಹಾಗಲ್ಲ. ಕೊಳ್ಳುವಾಗ ನಾನು ಎಂಜಿನ್ ಸದ್ದು ಕೇಳಿ ಅರ್ಧ ಗಂಟೆಯಲ್ಲಿ ಮಾತು ಮುಗಿಸಿದ್ದೆ. ಬಣ್ಣ ಕನ್ನಡಿ ಹಾಗಿತ್ತು. ಮೂರು ತಿಂಗಳಿಗೆ ಬಾಗಿಲ ಕೆಳಗಿನ ಪಟ್ಟಿಯಲ್ಲಿ ಒಂದು ಗುಳ್ಳೆ ಎದ್ದಿತು. ಉಗುರಿನಿಂದ ಕೆರೆದೆ, ಬೆರಳೇ ಒಳಗೆ ಹೋಯಿತು. ಒಳಗೆ ಸಿಕ್ಕಿದ್ದು ನ್ಯೂಸ್‌ಪೇಪರ್ ಉಂಡೆ, ಅದರ ಮೇಲೆ ಪುಟ್ಟಿ. ಕಾರಿಗೆ ಕೊಟ್ಟದ್ದಕ್ಕಿಂತ ವೆಲ್ಡಿಂಗಿಗೆ ಜಾಸ್ತಿ ಕೊಟ್ಟೆ.

ಅದಕ್ಕೇ ಹೇಳುವುದು, ನಿಮಗೆ ವೆಲ್ಡಿಂಗ್ ಬರದಿದ್ದರೆ ಬಾಡಿ ಗಟ್ಟಿ ಇರುವ ಕಾರಿಗೇ ದುಡ್ಡು ಹಾಕಿ. ಎಂಜಿನ್ ಹೊಗೆ ಬಿಟ್ಟರೂ ಪರವಾಗಿಲ್ಲ, ಅದನ್ನು ಬಿಚ್ಚಿ ಕಟ್ಟಬಹುದು. ಜೇಬಿನಲ್ಲಿ ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ಪುಟ್ಟಿ ಇರುವ ಕಡೆ ಅದು ಅಂಟುವುದಿಲ್ಲ. ಕಾರ್ಪೆಟ್ ಎತ್ತಿ ನೋಡಿ, ಹಿಂದಿನ ಸಬ್‌ಫ್ರೇಮಿನ (ಹಿಂದಿನ ಚಕ್ರಗಳನ್ನು ಹಿಡಿದಿರುವ ಉಕ್ಕಿನ ಚೌಕಟ್ಟು) ಕೆಳಗೆ ಟಾರ್ಚ್ ಬಿಡಿ. ಮಾರುವವರು ಮುಖ ಗಂಟು ಹಾಕಿದರೆ ಹಾಕಲಿ.

ಮಿನಿ 1959ರಿಂದ 2000ದವರೆಗೆ ತಯಾರಾದ ಕಾರು, ಹಾಗಾಗಿ ಬಿಡಿಭಾಗಕ್ಕೆ ಬರ ಇಲ್ಲ. ಒಂದು ಮಾತ್ರ ನೆನಪಿರಲಿ: ಮ್ಯಾನ್ಯುಯಲ್ ಗಾಡಿಯಲ್ಲೂ ಗೇರ್‌ಬಾಕ್ಸ್ ಎಂಜಿನ್ ಕೆಳಗೇ ಇದ್ದು, ಎರಡಕ್ಕೂ ಒಂದೇ ಆಯಿಲ್. ಬದಲಿಸಲು ಸೋಮಾರಿತನ ಮಾಡಬೇಡಿ.

ಮಡಿಚುವ ಟಾಪು:
ಎತ್ತರದವರು ಮಿಡ್ಜೆಟ್ ಕೊಳ್ಳುವ ಮೊದಲು ಒಮ್ಮೆ ಒಳಗೆ ಕೂತು ನೋಡಿ. ಮೊಣಕಾಲಿಗೂ ಸ್ಟೇರಿಂಗಿಗೂ ಜಗಳ ಗ್ಯಾರಂಟಿ.

ನನ್ನದು ಸ್ಪಿಟ್‌ಫೈರ್. ಇಡೀ ಮೂತಿಯೇ ಮುಂದಕ್ಕೆ ಬಗ್ಗಿ ತೆರೆದುಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು, ಬೆನ್ನು ನೋಯಲ್ಲ. ನೋಡಲು ಹೋದಾಗ ಒಬ್ಬರು ಕ್ಲಚ್ ತುಳಿಯಲಿ, ನೀವು ಎಂಜಿನ್ ಮುಂದಿನ ಪುಲ್ಲಿಯನ್ನೇ ನೋಡುತ್ತಿರಿ. ಅದು ಕಣ್ಣಿಗೆ ಕಾಣುವಷ್ಟು ಮುಂದೆ ಸರಿದರೆ ಎಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕು ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ ಅಂತ ಅರ್ಥ. ನಮಸ್ಕಾರ ಹೇಳಿ ಬಂದುಬಿಡಿ. ಮೊದಮೊದಲ ಮಾಡೆಲ್‌ಗಳಲ್ಲಿ ತಿರುವಿನ ಮಧ್ಯೆ ದಿಢೀರನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಿಚಿಕೊಳ್ಳುವ ಚಾಳಿ ಇತ್ತು. ಮಾರ್ಕ್ 4 ಅನ್ನುವ ನಂತರದ ಮಾಡೆಲ್‌ನಲ್ಲಿ ಅದನ್ನು ಬಹುಮಟ್ಟಿಗೆ ಸರಿಮಾಡಿದರು.

ಏರ್‌ಕೂಲ್ಡ್:
ಯಾರೂ ಬೀಟಲ್ ಪರ ಮಾತಾಡುತ್ತಿಲ್ಲ, ಅಲ್ವಾ? ರೇಡಿಯೇಟರೇ ಇಲ್ಲ, ಸೋರುವುದಕ್ಕೆ ನೀರೂ ಇಲ್ಲ. ಆದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೊ, ಎಂಜಿನ್ ತಣಿಸುವ ಫ್ಯಾನ್ ಎರಡನ್ನೂ ಒಂದೇ ಬೆಲ್ಟು ತಿರುಗಿಸುತ್ತದೆ. ಅದು ಹರಿದರೆ ಎರಡೂ ನಿಲ್ಲುತ್ತವೆ. ಓಡುವಾಗ ಚಾರ್ಜಿಂಗಿನ ಕೆಂಪು ದೀಪ ಹತ್ತಿದರೆ "ಮನೆ ತನಕ ಹೋಗೋಣ" ಅನ್ನಬೇಡಿ, ಅಲ್ಲೇ ನಿಲ್ಲಿಸಿ. ಡಿಕ್ಕಿಯಲ್ಲಿ ಒಂದು ಸ್ಪೇರ್ ಬೆಲ್ಟು ಇರಲಿ.

ಉದ್ದಕಾಲು:
ಎಲ್ಲರಿಗೂ ಥ್ಯಾಂಕ್ಸ್. ಮಿಡ್ಜೆಟ್ ಒಳಗೆ ಕೂತೆ. ಕೂತದ್ದೇನೋ ಸರಿ, ಎದ್ದು ಬರಲು ಮಾರುವವರು ಕೈ ಹಿಡಿದು ಎಳೆಯಬೇಕಾಯಿತು. ಒಂದು ಮಿನಿ ನೋಡಿದೆ. ಒಳಗೆ ನನಗೆ ಜಾಗ ಸಾಕಷ್ಟಿತ್ತು, ಅದೇ ಆಶ್ಚರ್ಯ. ಆದರೆ ಮ್ಯಾಗ್ನೆಟ್ ಎಡಗಡೆ ಪಟ್ಟಿಯಲ್ಲಿ ಮೂರು ಕಡೆ ಜಾರಿ ಬಿತ್ತು. ಗ್ರೀಸ್ ಕೈ ಸಾರ್, ಉಳಿಸಿದಿರಿ. ಬರುವ ವಾರ ಒಂದು ಸ್ಪಿಟ್‌ಫೈರ್ ನೋಡಲು ಹೋಗುತ್ತಿದ್ದೇವೆ. ಕ್ಲಚ್ ತುಳಿಯಲು ಹೆಂಡತಿ ಒಪ್ಪಿದ್ದಾಳೆ. ತಳ್ಳುವುದಕ್ಕಲ್ಲ ತಾನೇ ಅಂತ ಎರಡು ಸಲ ಕೇಳಿದಳು.